ಬೆನ್ನು ಹಗುರಾದ ಮೇಲೆ ಬಯೋಲಾಜಿಕ್ ಇಂಜೆಕ್ಷನ್ ಕಡಿಮೆ ಮಾಡುವುದು ಹೇಗೆ?

ಮೂರು ವರ್ಷದ ಹಿಂದೆ ಬೆಳಿಗ್ಗೆ ಹಾಸಿಗೆಯಿಂದ ಏಳಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದವರು ಈಗ ಲಾಲ್‌ಬಾಗ್‌ನಲ್ಲಿ ಎರಡು ಸುತ್ತು ನಡೆದು ಬಂದು ತಿಂಡಿಗೆ ಕೂರುತ್ತಾರೆ. ಹದಿನೈದು ದಿನಕ್ಕೊಮ್ಮೆ ಫ್ರಿಜ್‌ನಿಂದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿಕೊಳ್ಳುವಾಗ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದು: ನೋವೇ ಇಲ್ಲದಿರುವಾಗ ಇಷ್ಟು ದುಬಾರಿಯಾದ ಔಷಧಿ ಇನ್ನೂ ಇಷ್ಟೇ ಬೇಕೆ? ಬೆನ್ನುಮೂಳೆಯ ಉರಿಯೂತದ ಸಂಧಿವಾತ, ಅಂದರೆ ವೈದ್ಯರು ಚೀಟಿಯಲ್ಲಿ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಥವಾ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎಂದು ಬರೆಯುವ ಈ ಕಾಯಿಲೆ ಹೆಚ್ಚಾಗಿ 45 ವರ್ಷದೊಳಗೇ ಶುರುವಾಗುವುದರಿಂದ, ಚಿಕಿತ್ಸೆಯ ಲೆಕ್ಕವನ್ನೂ ದಶಕಗಳಲ್ಲೇ ಹಾಕಬೇಕಾಗುತ್ತದೆ.

ಕಡಿಮೆ ಮಾಡುವುದೂ ನಿಲ್ಲಿಸುವುದೂ ಬೇರೆ ಬೇರೆ ಎಂಬುದು ಮೊದಲು ಸ್ಪಷ್ಟವಾಗಿರಲಿ. ಜೀವಕೋಶಗಳಿಂದ ತಯಾರಿಸುವ, ಬಯೋಲಾಜಿಕ್ ಎನ್ನುವ ಈ ಔಷಧಿಗಳು ಟಿಎನ್‌ಎಫ್ ಅಥವಾ ಐಎಲ್-17 ಎಂಬ ಉರಿಯೂತದ ಪ್ರೋಟೀನುಗಳನ್ನು ತಡೆಯುತ್ತವೆಯೇ ಹೊರತು ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ. ಸರ್ಟೋಲಿಝುಮ್ಯಾಬ್ ಔಷಧಿಯಿಂದ ಪೂರ್ತಿ ಹತೋಟಿಗೆ ಬಂದ 313 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಎರಡು ವಾರಕ್ಕೊಮ್ಮೆ ಪೂರ್ಣ ಪ್ರಮಾಣ ಮುಂದುವರಿಸಿದವರಲ್ಲಿ ನೂರಕ್ಕೆ ಸುಮಾರು 84 ಮಂದಿಗೂ, ನಾಲ್ಕು ವಾರಕ್ಕೊಮ್ಮೆ ತೆಗೆದುಕೊಂಡವರಲ್ಲಿ 79 ಮಂದಿಗೂ ಕಾಯಿಲೆ ಮರುಕಳಿಸಲಿಲ್ಲ. ಔಷಧಿ ನಿಲ್ಲಿಸಿದವರಲ್ಲಿ ಹಾಗೆ ಉಳಿದವರು ನೂರಕ್ಕೆ 20 ಮಂದಿ ಮಾತ್ರ. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಹೆಜ್ಜೆಗಳ ತರ್ಕ ತಾನಾಗಿ ಅರ್ಥವಾಗುತ್ತದೆ.

ಮೊದಲು ಉಪಶಮನ ನಿಜವೇ ಎಂದು ಅಳೆಯಿರಿ

‘ಚೆನ್ನಾಗಿದ್ದೇನೆ’ ಎಂಬುದು ಅಳತೆಯಲ್ಲ. ಸಂಧಿವಾತ ತಜ್ಞರು ಬಳಸುವ ಆಸ್‌ಡಾಸ್ ಅಂಕವನ್ನು ಬೆನ್ನುನೋವು, ಮುಂಜಾನೆಯ ಸೆಡೆತ ಎಷ್ಟು ಹೊತ್ತು ಇರುತ್ತದೆ, ಇತರ ಕೀಲುಗಳ ನೋವು ಅಥವಾ ಊತ, ಒಟ್ಟಾರೆ ಕಾಯಿಲೆ ಹೇಗಿದೆ ಎಂಬ ನಿಮ್ಮ ಅನಿಸಿಕೆ, ಇವುಗಳ ಜೊತೆಗೆ ರಕ್ತದಲ್ಲಿ ಉರಿಯೂತ ಎಷ್ಟಿದೆಯೆಂದು ತೋರಿಸುವ ಸಿಆರ್‌ಪಿ ಸೇರಿಸಿ ಲೆಕ್ಕ ಹಾಕುತ್ತಾರೆ. ಅದು 1.3ಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಸಕ್ರಿಯವಾಗಿಲ್ಲ ಎಂದರ್ಥ, 2.1ರವರೆಗೆ ಇದ್ದರೆ ಅಲ್ಪ ಪ್ರಮಾಣದಲ್ಲಿ ಇದೆ ಎಂದರ್ಥ. ಒಂದು ಭೇಟಿಯಲ್ಲಿ ಈ ಅಂಕ ಸಿಕ್ಕಿತೆಂದು ಆತುರಪಡಬೇಡಿ. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಬೇರೆ ಬೇರೆ ಭೇಟಿಗಳಲ್ಲಿ ಅದು ಹಾಗೇ ನಿಂತಿರಬೇಕು. ನೋವಿನ ಮಾತ್ರೆ ದಿನವೂ ನುಂಗುತ್ತಾ ಪಡೆದ ಒಳ್ಳೆಯ ಅಂಕವನ್ನು ನಾನಂತೂ ಅರ್ಧ ಮಾತ್ರ ನಂಬುತ್ತೇನೆ. ಇಂಜೆಕ್ಷನ್ನಿಗೆ ಕೈ ಹಾಕುವ ಮೊದಲು ಮಾತ್ರೆಯನ್ನು ಇಳಿಸಿ ಬೆನ್ನು ಏನು ಹೇಳುತ್ತದೆಂದು ಕೇಳುವುದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುವುದೇ ಇಲ್ಲ.

ಪದೇ ಪದೇ ಕಣ್ಣಿನೊಳಗಿನ ಉರಿಯೂತ (ಯುವಿಯೈಟಿಸ್) ಆದವರು, ಕರುಳಿನ ಉರಿಯೂತದ ಕಾಯಿಲೆ ಅಥವಾ ಸೋರಿಯಾಸಿಸ್ ಇರುವವರು ಈ ದಾರಿಯಲ್ಲಿ ಇನ್ನೂ ನಿಧಾನವಾಗಿ ಹೆಜ್ಜೆ ಇಡಬೇಕು, ಏಕೆಂದರೆ ಅವರಲ್ಲಿ ಅದೇ ಇಂಜೆಕ್ಷನ್ ಬೆನ್ನಿನ ಜೊತೆಗೆ ಇನ್ನೊಂದು ಅಂಗವನ್ನೂ ಕಾಯುತ್ತಿರಬಹುದು. ಈ ಬಗ್ಗೆ ತಜ್ಞರಲ್ಲೂ ಒಮ್ಮತವಿಲ್ಲ: ದೀರ್ಘಕಾಲ ಉಪಶಮನದಲ್ಲಿರುವವರಿಗೆ ಪ್ರಮಾಣ ಇಳಿಸುವುದನ್ನು ಯೋಚಿಸಬಹುದು ಎಂದು ಯುರೋಪಿನ 2022ರ ಮಾರ್ಗಸೂಚಿ ಹೇಳಿದರೆ, ಎಲ್ಲರಿಗೂ ಅನ್ವಯಿಸುವ ಪದ್ಧತಿಯಾಗಿ ಇದು ಬೇಡ ಎಂದು ಅಮೆರಿಕದ 2019ರ ಮಾರ್ಗಸೂಚಿ ಹೇಳುತ್ತದೆ.

ಪ್ರಮಾಣವಲ್ಲ, ಅಂತರ

ಒಂದೇ ಬಾರಿಗೆ ಪೂರ್ತಿ ಖಾಲಿಯಾಗುವಂತೆ ತಯಾರಿಸಿದ ಇಂಜೆಕ್ಷನ್ ಪೆನ್‌ನಲ್ಲಿ ಅರ್ಧ ಔಷಧಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಚುಚ್ಚಿಕೊಳ್ಳುವ ಔಷಧಿಗಳಲ್ಲಿ ‘ಡೋಸ್ ಇಳಿಸುವುದು’ ಎಂದರೆ ಬಹುತೇಕ ಎರಡು ಇಂಜೆಕ್ಷನ್‌ಗಳ ನಡುವಿನ ದಿನಗಳನ್ನು ಹೆಚ್ಚಿಸುವುದು. 40 ಮಿಲಿಗ್ರಾಮ್ ಅಡಾಲಿಮುಮ್ಯಾಬನ್ನು 14 ದಿನಕ್ಕೊಮ್ಮೆ ತೆಗೆದುಕೊಳ್ಳುವವರಿಗೆ ವರ್ಷಕ್ಕೆ 26 ಇಂಜೆಕ್ಷನ್ ಬೇಕು. ಅಂತರವನ್ನು 21 ದಿನಕ್ಕೆ ಏರಿಸಿದರೆ ಸುಮಾರು 17, ಮುಂದೆ 28ಕ್ಕೆ ಏರಿಸಿದರೆ 13 ಸಾಕು. ವಾರಕ್ಕೊಮ್ಮೆ 50 ಮಿಲಿಗ್ರಾಮ್ ಎಟನರ್ಸೆಪ್ಟ್ ತೆಗೆದುಕೊಳ್ಳುವವರು ಮೊದಲು 10 ದಿನಕ್ಕೆ, ಆಮೇಲೆ 14 ದಿನಕ್ಕೆ ಹೋಗುವುದುಂಟು. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ಇನ್‌ಫ್ಲಿಕ್ಸಿಮ್ಯಾಬ್‌ನ ಲೆಕ್ಕ ದೇಹದ ತೂಕವನ್ನು ಅವಲಂಬಿಸಿರುವುದರಿಂದ ಅದನ್ನು ವೈದ್ಯರಿಗೇ ಬಿಡಬೇಕು.

ಪ್ರತಿ ಮೆಟ್ಟಿಲಿನಲ್ಲೂ ಕನಿಷ್ಠ ಮೂರು ತಿಂಗಳು, ಆರಾದರೆ ಇನ್ನೂ ಮೇಲು, ನಿಂತು ಮುಂದಿನದಕ್ಕೆ ಹೋಗಿ. ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಬರೆಯುವ ನಮ್ಮ ಮನೆಗಳಲ್ಲಿ ಇಂಜೆಕ್ಷನ್ ದಿನವನ್ನೂ, ಅಂದಿನ ಮುಂಜಾನೆ ಸೆಡೆತ ಎಷ್ಟು ನಿಮಿಷ ಇತ್ತೆಂಬುದನ್ನೂ ಬರೆಯುವುದು ಕಷ್ಟವಲ್ಲ. ಮುಖ್ಯವಾಗಿ, ಅಂತರ ಹೆಚ್ಚಿಸುವ ಮೊದಲಿನ ಎರಡು ತಿಂಗಳ ಟಿಪ್ಪಣಿ ಇರಲಿ. ಹೋಲಿಸಲು ಹಳೆಯದೊಂದು ಇಲ್ಲದಿದ್ದರೆ ಹೊಸದು ಏನನ್ನೂ ಹೇಳುವುದಿಲ್ಲ. ಯುಗಾದಿಗೆ ಊರಿಗೆ ಹೋಗುವಾಗ ಐಸ್ ಪ್ಯಾಕ್ ಇಲ್ಲವೆಂದು ತಪ್ಪಿಹೋದ ಡೋಸನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಹಾಗೆಯೇ ಬೇಸಿಗೆಯಲ್ಲಿ ಕರೆಂಟ್ ಹೋಗಿ ಗಂಟೆಗಟ್ಟಲೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾದ ಔಷಧಿ ಕೆಲಸ ಮಾಡದಿದ್ದರೆ, ಅದನ್ನು ಅಂತರ ಹೆಚ್ಚಿಸಿದ್ದರ ಫಲವೆಂದು ತಪ್ಪು ತಿಳಿಯುವ ಅಪಾಯವೂ ಇದೆ.

ಮರುಕಳಿಸಿತೋ, ಬರೀ ಬೆನ್ನುನೋವೋ?

ಎಡವುವುದು ಹೆಚ್ಚಾಗಿ ಇಲ್ಲಿಯೇ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಸ್ಕೂಟರ್ ಮೇಲೆ ಕೂತು, ಹೊಂಡಗಳಲ್ಲಿ ಎತ್ತಿಹಾಕಿಸಿಕೊಂಡು ಮನೆ ಸೇರಿದ ಯಾರಿಗಾದರೂ ಬೆನ್ನು ನೋಯುತ್ತದೆ. ಆ ನೋವು ಮಲಗಿದರೆ ಇಳಿಯುತ್ತದೆ. ಉರಿಯೂತದ ನೋವಿನ ನಡತೆ ಇದಕ್ಕೆ ತಿರುಗುಮುರುಗು: ವಿಶ್ರಾಂತಿಯಲ್ಲಿ ಹೆಚ್ಚುತ್ತದೆ, ಬೆಳಗಿನ ಜಾವ ಎಬ್ಬಿಸುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಇಂಜೆಕ್ಷನ್ನಿಗೆ ಮುಂಚಿನ ಎರಡು ಮೂರು ದಿನ ಮಾತ್ರ ಸೆಡೆತ ಮರಳುತ್ತಿದ್ದರೆ ಅಂತರ ಸ್ವಲ್ಪ ಜಾಸ್ತಿಯಾಯಿತೆಂಬ ಸೂಚನೆ ಅದು. ಜ್ವರ ಬಂದಾಗ ಸಿಆರ್‌ಪಿ ಮಾಡಿಸಿ ಗಾಬರಿಯಾಗಬೇಡಿ, ಸೋಂಕಿನಲ್ಲೂ ಅದು ಏರುತ್ತದೆ. ಚಿಕೂನ್‌ಗುನ್ಯಾದ ಕೀಲುನೋವಂತೂ ಮರುಕಳಿಕೆಯನ್ನೇ ಹೋಲುತ್ತದೆ. ಆಸ್‌ಡಾಸ್ ಅಂಕ ಹಿಂದಿನದಕ್ಕಿಂತ 0.9 ಅಥವಾ ಹೆಚ್ಚು ಏರಿದರೆ ಕಾಯಿಲೆ ನಿಜಕ್ಕೂ ಹದಗೆಟ್ಟಿದೆಯೆಂದು ವೈದ್ಯರು ಪರಿಗಣಿಸುತ್ತಾರೆ. ಕಣ್ಣು ಕೆಂಪಾಗಿ, ನೋವಿನ ಜೊತೆಗೆ ಬೆಳಕನ್ನು ನೋಡಲಾಗದಿದ್ದರೆ ಅಂಕಕ್ಕೆ ಕಾಯದೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ಮರುಕಳಿಸಿದೆಯೆಂದು ಖಚಿತವಾದರೆ ವೈದ್ಯರನ್ನು ಕಂಡು, ಹಿಂದೆ ಯಾವ ಅಂತರದಲ್ಲಿ ಆರಾಮವಾಗಿತ್ತೋ ಅಲ್ಲಿಗೆ ತಡಮಾಡದೆ ಮರಳಬೇಕು. ಬಹಳಷ್ಟು ಜನರಲ್ಲಿ ಮತ್ತೆ ಹತೋಟಿ ಸಿಗುತ್ತದೆ, ಎಲ್ಲರಲ್ಲೂ ಅಲ್ಲ. ರಕ್ತದಲ್ಲಿ ಔಷಧಿ ತೀರಾ ಕಡಿಮೆಯಾದಾಗ ದೇಹ ಅದರ ವಿರುದ್ಧವೇ ಪ್ರತಿಕಾಯಗಳನ್ನು ಕಟ್ಟುವ ಸಂಭವ ಹೆಚ್ಚು, ಅದರಲ್ಲೂ ಅಡಾಲಿಮುಮ್ಯಾಬ್ ಮತ್ತು ಇನ್‌ಫ್ಲಿಕ್ಸಿಮ್ಯಾಬ್‌ಗಳ ವಿಷಯದಲ್ಲಿ.

ವೈದ್ಯರಿಗೆ ಹೇಳದೆಯೇ ಇಂಜೆಕ್ಷನ್ ಮುಂದೂಡುತ್ತಾ ಹೋಗುವುದು ಇದಕ್ಕೇ ನನಗೆ ಅತ್ಯಂತ ಆತಂಕದ ಸಂಗತಿ. ಸಂಬಳ ತಡವಾಯಿತು, ವಿಮೆಯ ಹಣ ಬರಲಿಲ್ಲ ಎಂಬುದು ಮುಚ್ಚಿಡಬೇಕಾದ ಕಾರಣವೇ ಅಲ್ಲ. ‘ಡಾಕ್ಟ್ರೇ, ಈ ಖರ್ಚು ನನ್ನಿಂದ ಆಗುತ್ತಿಲ್ಲ’ ಎಂದು ನೇರವಾಗಿ ಹೇಳಿದರೆ, 2014ರ ಕೊನೆಯಿಂದಲೇ ಭಾರತದಲ್ಲಿ ದೊರೆಯುತ್ತಿರುವ ಅಡಾಲಿಮುಮ್ಯಾಬ್ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನು ತೀರಾ ಹೋಲುವ ಬೇರೆ ಕಂಪನಿಯ ಔಷಧಿಯಂಥ ಅಗ್ಗದ ಆಯ್ಕೆಯನ್ನೋ, ಅಳೆದು ನೋಡಿಕೊಂಡೇ ಹೆಚ್ಚಿಸುವ ಅಂತರವನ್ನೋ ಅವರು ಸೂಚಿಸಬಲ್ಲರು. ಮುಂದಿನ ಭೇಟಿಗೆ ಹೋಗುವಾಗ ಆ ಕ್ಯಾಲೆಂಡರ್ ಹಾಳೆಯ ಫೋಟೊ, ಈಚಿನ ಸಿಆರ್‌ಪಿ ವರದಿ, ತಿಂಗಳಿಗೆ ನುಂಗಿದ ನೋವಿನ ಮಾತ್ರೆಗಳ ಲೆಕ್ಕ, ಈ ಮೂರೂ ಜೊತೆಗಿರಲಿ.