ತಿರುಗುವ ಹಲಗೆ: ಗೋಕುಲ ರೋಡ್ ಲೇಥ್‌ನಿಂದ ನಮ್ಮ ಥೆರಪಿ ಕೋಣೆಗೆ

ಆಟಿಸಂ ಇರುವ ಮಕ್ಕಳನ್ನು ತಿರುಗುವ ಹಲಗೆ ಮೇಲೆ ಕೂರಿಸಿ ತಿರುಗಿಸಿದರೆ ಏನೂ ಆಗಲ್ಲ ಎಂದವರಲ್ಲಿ ನನ್ನ ಜೊತೆ ಓದಿದವರೇ ಜಾಸ್ತಿ. "ಪುರಾವೆ ತೋರಿಸು" ಅಂತಾರೆ. ಅವರ ಮಾತಲ್ಲೂ ಹುರುಳಿದೆ. ತೂಗುವುದು, ತಿರುಗಿಸುವುದು, ಮುಟ್ಟುವುದು ಇಂಥ ಅನುಭವ ಕೊಟ್ಟು ಮಾಡುವ ಸೆನ್ಸರಿ ಥೆರಪಿಗೆ ಪುರಾವೆ ಕಡಿಮೆ, ಬೇಕಿದ್ದರೆ ಉಳಿದ ಚಿಕಿತ್ಸೆಯ ಜೊತೆಗೆ ಬಳಸಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲೇ ಹೇಳಿದೆ. ನಾನೂ ಅಷ್ಟಕ್ಕೇ ಬಳಸುವುದು. ಆಟಿಸಂ ಕಳೆಯುತ್ತೇನೆ ಅಂತ ಯಾವ ತಾಯಿಗೂ ಹೇಳಿಲ್ಲ. ಊಟಕ್ಕೆ ಕೂತ ಮಗು ಊಟ ಮುಗಿಯುವ ತನಕ ಕೂರಬೇಕು, ಅಷ್ಟೇ ನನ್ನ ಗುರಿ. ಆ ಮಟ್ಟಿಗೆ ನಮ್ಮ ಹುಬ್ಬಳ್ಳಿಯ ಕೋಣೆಯಲ್ಲಿ ಇದು ಫಲ ಕೊಟ್ಟಿದೆ.

ಮೊದಲು ರೊಕ್ಕದ ಕಥೆ. ರೆಡಿಮೇಡ್ ಹಲಗೆ ತರಿಸಿದಾಗ ಸಾಗಣೆ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಎರಡು ತಿಂಗಳಿಗೆ ಕರಕರ ಅನ್ನಲು ಶುರುವಾಯಿತು. ನಮ್ಮ ಮಕ್ಕಳಿಗೆ ಮಿಕ್ಸರ್ ಸದ್ದೇ ಆಗಿ ಬರಲ್ಲ, ಇನ್ನು ಇದು ಹೇಗೆ ಆಗುತ್ತೆ? ಹಲಗೆ ಕಂಡರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದರು. ಮಾರಿದವರು ಫೋನ್ ಎತ್ತಲಿಲ್ಲ. ಆಮೇಲೆ ಆಫೀಸಿನ ತಿರುಗುವ ಕುರ್ಚಿ ನೋಡಿದೆ. ಮಗು ಜಾರಿ ಜಾರಿ ಅಂಚಿಗೆ ಬರುತ್ತೆ, ತಲೆ ನಡುವಿಗೆ ನಿಲ್ಲಲ್ಲ. ಊಟದ ಟೇಬಲ್ ಮೇಲಿಡುವ ತಿರುಗು ತಟ್ಟೆಯ ಬೇರಿಂಗ್ ಹಾಕಿಸಿದೆ. ಇಪ್ಪತ್ತು ಕಿಲೋ ಮಗು ಕೂತರೆ ಓಲಾಡುತ್ತಿತ್ತು.

ಕೊನೆಗೆ ಗೋಕುಲ ರೋಡ್ ಕೈಗಾರಿಕಾ ವಸಾಹತಿನ ಒಂದು ಲೇಥ್ ಅಂಗಡಿಗೆ ಹೋದೆ. ಗುಜರಿಯಿಂದ ತಂದ ಓಮ್ನಿ ಕಾರಿನ ಮುಂದಿನ ಚಕ್ರದ ಹಬ್, ಅದರ ಮೇಲೆ 18 ಎಂಎಂ ಪ್ಲೈವುಡ್, ಅಗಲ ಎರಡೂವರೆ ಅಡಿ, ಅಂಚಿಗೆ ರಬ್ಬರ್ ಬೀಡಿಂಗ್, ಮೇಲೆ ಕಾರ್ಪೆಟ್ ತುಂಡು. ಮಿಸ್ತ್ರಿ ನಕ್ಕ. "ಏನ್ರೀ ಅಕ್ಕಾರ, ಕುಂಬಾರ ತಿಗರಿ ಮಾಡಸಾಕತ್ತೀರೇನ?" ಎಲ್ಲಾ ಸೇರಿ ನಾಲ್ಕು ಸಾವಿರ ದಾಟಲಿಲ್ಲ. ಸದ್ದೇ ಇಲ್ಲ. ತೊಂದರೆ ಬೇರೆ ಇತ್ತು: ಒಮ್ಮೆ ತಳ್ಳಿದರೆ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಅಡಿಯಲ್ಲಿ ಒಂದು ಬ್ರೇಕ್ ಕೂಡಿಸಿದ್ದೇನೆ. ಅದು ಹೇಗೆ ಅಂತ ಇಲ್ಲಿ ಬರೆಯಲ್ಲ. ಬಂದವರಿಗೆ ತೋರಿಸುತ್ತೇನೆ.

ಬ್ರೇಕ್ ಯಾಕೆ ಮುಖ್ಯ ಅಂದರೆ, ಎಷ್ಟೋ ಕಡೆ ಐದೈದು ನಿಮಿಷ ಸುಮ್ನೆ ತಿರುಗಿಸುತ್ತಾರೆ. ವೇಗ ಒಂದೇ ಸಮ ಇದ್ದರೆ ಇಪ್ಪತ್ತು ಸೆಕೆಂಡಿನ ಸುಮಾರಿಗೆ, ತಲೆ ತಿರುಗಿದ್ದನ್ನು ತಿಳಿಸುವ ಕಿವಿಯೊಳಗಿನ ದ್ರವವೂ ಜೊತೆಗೇ ತಿರುಗುತ್ತೆ, ಆಮೇಲೆ ಮಿದುಳಿಗೆ ಹೊಸ ಸುದ್ದಿಯೇ ಇಲ್ಲ. ಸುದ್ದಿ ಹೋಗುವುದು ಶುರು ಮಾಡಿದಾಗ ಮತ್ತು ನಿಲ್ಲಿಸಿದಾಗ. ಹಾಗಾಗಿ ನಾನು, ಸೆನ್ಸರಿ ಥೆರಪಿಗೆ ಬುನಾದಿ ಹಾಕಿದ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಅವರ 1975ರ ಪರೀಕ್ಷೆಯ ಅಳತೆಯನ್ನೇ ಹಿಡಿದಿದ್ದೇನೆ. ಎರಡು ಸೆಕೆಂಡಿಗೆ ಒಂದು ಸುತ್ತು, ಹತ್ತು ಸುತ್ತು, ತಲೆ 30 ಡಿಗ್ರಿ ಮುಂದಕ್ಕೆ, ಆಮೇಲೆ ಗಕ್ಕನೆ ನಿಲ್ಲಿಸುವುದು. ಹಾಗೆ ನಿಲ್ಲಿಸಿದಾಗ ಕಣ್ಣುಗುಡ್ಡೆ ತಾನಾಗೇ ಸ್ವಲ್ಪ ಹೊತ್ತು ಅದುರುತ್ತೆ, ಎಷ್ಟು ಸೆಕೆಂಡು ಅಂತ ಎಣಿಸುವುದೇ ಆ ಪರೀಕ್ಷೆ. ಅದುರುವುದು ನಿಂತ ಮೇಲೆ ಎದುರು ದಿಕ್ಕಿಗೆ ತಿರುಗಿಸುವುದು. ಒಗ್ಗಿದ ಮೇಲೆ ಮಗ್ಗುಲಾಗಿ ಮಲಗಿಸಿ ಅದೇ ಲೆಕ್ಕ. ಕಣ್ಣು ನೋಡುವಾಗ ಮಗುವಿನ ಎದುರು ಖಾಲಿ ಗೋಡೆ ಇರಲಿ. ಕ್ಯಾಲೆಂಡರ್, ಗೊಂಬೆ ಚಿತ್ರ ಕಂಡರೆ ದೃಷ್ಟಿ ಅಲ್ಲೇ ಕಚ್ಚಿಕೊಂಡು ಅದುರುವಿಕೆ ಬೇಗ ನಿಂತುಬಿಡುತ್ತೆ, ಲೆಕ್ಕ ತಪ್ಪುತ್ತೆ. ಮೊಬೈಲಿನ ಸ್ಲೋ ಮೋಷನ್ ಇದಕ್ಕೆ ಬಹಳ ಅನುಕೂಲ.

ಗದಗ ಕಡೆಯಿಂದ ಒಬ್ಬ ಹುಡುಗ ಬರುತ್ತಿದ್ದ, ಆರೇಳು ವರ್ಷ. ಅಂಗಳದಲ್ಲಿ ದಿನವಿಡೀ ತಾನೇ ತಿರುಗುತ್ತಿದ್ದ, ತಲೆ ಸುತ್ತುವುದು ಅಂದರೇನೆಂದೇ ಗೊತ್ತಿಲ್ಲ. ಅವನ ಅಜ್ಜಿ ಮೊದಲ ದಿನವೇ ಕೇಳಿದರು: "ಮನ್ಯಾಗ ಪುಕ್ಕಟೆ ತಿರಗತಾನಲ್ರೀ ಅಕ್ಕಾರ, ಅದಕ್ಕ ನಿಮಗ್ಯಾಕ ರೊಕ್ಕ ಕೊಡಬೇಕು?" ಸರಿಯಾದ ಪ್ರಶ್ನೆ ಅಲ್ವಾ? ಅವನು ತಿರುಗುತ್ತಿದ್ದದ್ದು ಯಾವಾಗಲೂ ಎಡಕ್ಕೇ, ತಲೆ ನೆಟ್ಟಗೆ, ನಿಧಾನಕ್ಕೆ ನಿಲ್ಲುತ್ತಿದ್ದ. ಹಲಗೆ ನಿಲ್ಲಿಸಿದಾಗ ಅವನ ಕಣ್ಣು ಎರಡು ಸೆಕೆಂಡೂ ಅದುರಲಿಲ್ಲ. ಮೂರು ತಿಂಗಳ ಮೇಲೆ ಏಳೆಂಟು ಸೆಕೆಂಡಿಗೆ ಬಂತು. ಒಂದು ದಿನ ಹಲಗೆಯಿಂದ ಇಳಿದವನು ತೂರಾಡಿ ನನ್ನ ಸೀರೆ ಸೆರಗು ಹಿಡಿದುಕೊಂಡ. ನನಗೆ ಖುಷಿಯೋ ಖುಷಿ. ಅಜ್ಜಿ ಲೆಕ್ಕ ಹಾಕುವುದು ರೊಟ್ಟಿಯಲ್ಲಿ: ಅರ್ಧ ರೊಟ್ಟಿಗೆ ಎದ್ದು ಓಡುತ್ತಿದ್ದವನು ಈಗ ಎರಡನೆಯದು ಮುಗಿಸಿ ಏಳುತ್ತಾನೆ. ಎಲ್ಲರಿಗೂ ಹೀಗೇ ಆಗಿಲ್ಲ. ಹತ್ತರಲ್ಲಿ ಮೂರ್ನಾಲ್ಕು ಮಕ್ಕಳಿಗೆ ನನ್ನ ಹಲಗೆಯಿಂದ ಏನೂ ಆಗಿಲ್ಲ. ತಿರುಗುವುದು ಕಂಡರೇ ಹೆದರುವವರನ್ನು ನಾನು ಹತ್ತಿಸುವುದೇ ಇಲ್ಲ.

ಮುಖ ಬಿಳುಚುವುದು, ಕಿವಿ ಕೆಂಪಾಗುವುದು, ಹಣೆಯಲ್ಲಿ ಬೆವರು, ಮೇಲಿಂದ ಮೇಲೆ ಆಕಳಿಕೆ: ಯಾವುದೊಂದು ಕಂಡರೂ ಅವತ್ತಿಗೆ ಮುಗೀತು. ಫಿಟ್ಸ್ ಇದ್ದ ಮಗುವಾದರೆ ನರರೋಗ ವೈದ್ಯರು ಬರೆದು ಕೊಡದೆ ಮುಟ್ಟಬೇಡಿ. ತ್ರಾಸು ತಡವಾಗಿಯೂ ಬರುತ್ತೆ. ಇಲ್ಲಿ ನಗುನಗುತ್ತಾ ಹೋದ ಮಗು ಅಣ್ಣಿಗೇರಿ ಹತ್ತಿರ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿತು ಅಂತ ಫೋನ್ ಬಂದದ್ದುಂಟು. ಅಂದಿನಿಂದ ಮೊದಲ ವಾರ ದಿನಕ್ಕೆ ಒಂದೇ ಸರ್ತಿ. ತಿರುಗಿಸಿದ ಕೂಡಲೇ ಐದು ಕಿಲೋ ಜೋಳದ ಚೀಲ ಈ ಗೋಡೆಯಿಂದ ಆ ಗೋಡೆಗೆ ಹೊರಿಸುತ್ತೇನೆ. ಭಾರ ಬಿದ್ದರೆ ಮೈ ಹದಕ್ಕೆ ಬರುತ್ತೆ. ಎರಡರ ನಡುವೆ ಇನ್ನೊಂದು ಸಣ್ಣ ಕೆಲಸ ಉಂಟು, ಅದು ನನ್ನ ಹತ್ತಿರವೇ ಇರಲಿ.

ಮಿಸ್ತ್ರಿ ಮಾತು ಕೇಳಿ ನಿಜವಾದ ತಿಗರಿಯನ್ನೂ ನೋಡಿ ಬಂದೆ. ವಿಪರೀತ ವೇಗ, ಬೇಡ. ನಾಗರ ಪಂಚಮಿ ಜೋಕಾಲಿ ಮಾತ್ರ ಪಾಸಾಯಿತು. ಹಿಂದೆ ಮುಂದೆ ತೂಗುವುದು ಹೆಚ್ಚಿನ ಮಕ್ಕಳನ್ನು ತಣ್ಣಗಾಗಿಸುತ್ತೆ. ಹಬ್ಬ ಮುಗಿದರೂ ಹಗ್ಗ ಬಿಚ್ಚಬೇಡಿ ಅಂತ ಮನೆಯವರಿಗೆ ಹೇಳುತ್ತೇನೆ. ಒಂದು ಮನೆಯಲ್ಲಿ ದೀಪಾವಳಿವರೆಗೂ ಬಿಟ್ಟಿದ್ದರು. ಮಲಗುವ ಮುಂಚೆ ಹತ್ತು ನಿಮಿಷ ತೂಗಿದರೆ ಅವರ ಹುಡುಗ ಬೇಗ ಮಲಗುತ್ತಾನಂತೆ.

ಒಂದು ಸಲಕ್ಕೆ ನಾನೂರು ತೆಗೆದುಕೊಳ್ಳುತ್ತೇನೆ. ಆಟಿಸಂನಂಥ ತೊಂದರೆ ಇರುವವರಿಗೆ ಕೇಂದ್ರ ಸರ್ಕಾರದ ಆರೋಗ್ಯ ವಿಮೆ ನಿರಾಮಯ, ಅದನ್ನು ಮಾಡಿಸಿದವರಿಗೆ ವರ್ಷಕ್ಕೆ 1 ಲಕ್ಷದ ಮಿತಿಯೊಳಗೆ ಥೆರಪಿ ಖರ್ಚು ಸ್ವಲ್ಪ ವಾಪಸ್ ಬರುತ್ತೆ, ಹಾಗಾಗಿ ಥೆರಪಿ ಮಾಡುವವರು ಬಿಲ್ ತಪ್ಪದೆ ಕೊಡಿ. ಹಾವೇರಿಯವರು ಎರಡು ಹಲಗೆ ಮಾಡಿಸಿಕೊಂಡು ಹೋದರು. ಮಿಸ್ತ್ರಿ ಈಗ ಆರು ಸಾವಿರಕ್ಕೆ ಏರಿಸಿದ್ದಾನೆ. ಹಳೆ ಹಬ್ ನೀವೇ ಹುಡುಕಿ ಒಯ್ದರೆ ಒಂದು ಸಾವಿರ ಇಳಿಸುತ್ತಾನೆ.