ವಿಮಾನದಲ್ಲಿ ಕಸೂತಿ: ದಾರ ಮನೆಯಲ್ಲೇ ಕತ್ತರಿಸಿ, ಕತ್ತರಿ ಲಗೇಜಿಗೆ ಹಾಕಿ

ಮಗಳ ಬಾಣಂತನಕ್ಕೆಂದು ದೂರದೂರಿಗೆ ಹೊರಟ ತಾಯಂದಿರ ಕೈಚೀಲದಲ್ಲಿ ಅರ್ಧ ಮುಗಿದ ಕುಂಚಿಗೆಯೋ, ಅಂಚು ಕಟ್ಟಬೇಕಾದ ಪುಟ್ಟ ಕೌದಿಯೋ ಇರುತ್ತದೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಆ ಚೀಲ ಪಕ್ಕಕ್ಕೆ ಸರಿಯುತ್ತದೆ. ವರ್ಷಗಟ್ಟಲೆ ಬಳಸಿದ ಒಳ್ಳೆಯ ಕತ್ತರಿ ಅಲ್ಲಿನ ಡಬ್ಬಿ ಸೇರುತ್ತದೆ. ಕತ್ತರಿ ಇಲ್ಲವೆಂದು ಉಳಿದ ಪ್ರಯಾಣವೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಇಷ್ಟಕ್ಕೂ ವಿಮಾನದಲ್ಲಿ ಕಸೂತಿ ಹಾಕಲು ಕತ್ತರಿಯೇ ಬೇಡ. ಮನೆಯಲ್ಲಿ ಒಂದು ತಾಸು ಕೂತು ತಯಾರಿ ಮಾಡಿಕೊಂಡರೆ ಸಾಕು.

1. ಯಾವುದು ಎಲ್ಲಿಗೆ

ಬಟ್ಟೆ, ದಾರ, ಉಲನ್, ಅಳತೆ ಟೇಪು, ಬಟ್ಟೆ ಬಿಗಿಯುವ ಮರದ ಅಥವಾ ಪ್ಲಾಸ್ಟಿಕ್ ರಿಂಗ್, ಎರಡು ಮೂರು ಸಣ್ಣ ಸೂಜಿ ಕೈಚೀಲಕ್ಕೆ. ಎಲ್ಲ ಬಗೆಯ ಕತ್ತರಿ, ಬ್ಲೇಡು, ಹೊಲಿಗೆ ಬಿಚ್ಚುವ ರಿಪ್ಪರ್, ಆರಿ ವರ್ಕಿನ ಹಿಡಿಯಿರುವ ಸೂಜಿ, ಕೌದಿಯ ದಬ್ಬಣ, ಗುಂಡುಪಿನ್ನಿನ ಡಬ್ಬಿ ಚೆಕ್-ಇನ್ ಲಗೇಜಿಗೆ. ನೈಲಾನ್ ದಾರದ ತುದಿ ಸುಡಲು ಲೈಟರ್ ಅಥವಾ ಕಡ್ಡಿಪೆಟ್ಟಿಗೆ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಅದನ್ನು ಮನೆಯಲ್ಲೇ ಬಿಡಿ. ಬಟ್ಟೆಗೆ ಹಚ್ಚುವ ಗಮ್ಮೂ ಬೇಡ.

‘ಸಣ್ಣ ಕತ್ತರಿ ನಡೆಯುತ್ತದೆ’ ಎಂದು ಎಷ್ಟೋ ಜನ ಮೊಬೈಲಿನಲ್ಲಿ ನೋಡಿ ಬಂದಿರುತ್ತಾರೆ. ಅದು ಬೇರೆ ದೇಶದ ಮಾತು. ಅಮೆರಿಕದಲ್ಲಿ ನಡುವಿನ ಮೊಳೆಯಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆಯಿರುವ ಕತ್ತರಿಯನ್ನು ಒಳಗೆ ಬಿಡುತ್ತಾರೆ, ಯುರೋಪ್ ಒಕ್ಕೂಟದಲ್ಲಿ ಆ ಮಿತಿ 6 ಸೆಂ.ಮೀ. ನಮ್ಮ ವಿಮಾನ ಕಂಪನಿಗಳು ಕೈಚೀಲಕ್ಕೆ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಕತ್ತರಿ ಇದೆ. ಜತೆಗೆ, ಎಲ್ಲಿಯೇ ಆಗಲಿ, ತಪಾಸಣೆ ಮಾಡುವ ಸಿಬ್ಬಂದಿ ಹೇಳಿದ್ದೇ ಕೊನೆಯ ಮಾತು. ಬೆಳಗಾವಿಯಲ್ಲಿ ಒಳಗೆ ಬಿಟ್ಟದ್ದನ್ನು ವಾಪಸು ಬರುವಾಗ ಬೆಂಗಳೂರಿನಲ್ಲಿಯೋ ಮುಂಬೈಯಲ್ಲಿಯೋ ಬಿಡಬೇಕೆಂದಿಲ್ಲ. ವಿದೇಶಕ್ಕೆ ಹೋಗುವಾಗ ನಡುವೆ ವಿಮಾನ ಬದಲಿಸುವ ಊರಿನಲ್ಲೂ ಮತ್ತೆ ತಪಾಸಣೆ ಇರಬಹುದು. ಆದ್ದರಿಂದ ದಾರಿಯಲ್ಲಿ ಎಲ್ಲಕ್ಕಿಂತ ಬಿಗಿಯಾದ ನಿಯಮ ಯಾವುದೋ ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳಿ.

ಮಡಚುವ ಕತ್ತರಿಯನ್ನು ಕೊಳ್ಳಬೇಡಿ, ಮಡಚಿದರೂ ಅದು ಕತ್ತರಿಯೇ. ಕೊರಳಿಗೆ ಹಾಕುವ ಪದಕದಂಥ ದಾರ ಕತ್ತರಿಸುವ ಸಾಧನದೊಳಗೆ ದುಂಡನೆಯ ಬ್ಲೇಡು ಇರುತ್ತದೆ, ಅದೂ ಬೇಡ. ‘ವಿಮಾನ ಪ್ರಯಾಣಕ್ಕೆ ಯೋಗ್ಯ’ ಎಂದು ಅಚ್ಚು ಹಾಕಿ ಮಾರುವ ಹೊಲಿಗೆ ಕಿಟ್‌ಗಳಲ್ಲೂ ಪುಟ್ಟ ಕತ್ತರಿ ಇರುತ್ತದೆ. ತೆರೆದು ನೋಡಿ, ತೆಗೆದಿಡಿ.

2. ದಾರದ ತಯಾರಿ

ಜನ ಎಡವುವುದು ಇಲ್ಲಿಯೇ. ಇಡೀ ಲಡಿಯನ್ನೇ ಚೀಲಕ್ಕೆ ತುರುಕಿಕೊಂಡು ಹೋಗುತ್ತಾರೆ. ಅಲ್ಲಿ ಕತ್ತರಿಸಲು ಏನೂ ಇರುವುದಿಲ್ಲ, ಹಲ್ಲಿನಿಂದ ಕಡಿಯುತ್ತಾರೆ. ಹಲ್ಲಿನಿಂದ ಕಡಿದ ತುದಿ ಒದ್ದೆಯಾಗಿ ಬಿಚ್ಚಿಕೊಂಡು ಸೂಜಿಯ ಕಣ್ಣಿಗೆ ಹೋಗುವುದಿಲ್ಲ.

ಆಂಕರ್ ಅಥವಾ ಡಿಎಂಸಿ ಹತ್ತಿ ದಾರದ ಒಂದು ಲಡಿ 8 ಮೀಟರ್ ಇರುತ್ತದೆ, ಅದರಲ್ಲಿ ಆರು ಎಳೆ. ಕಸೂತಿಗೆ ಎರಡೆಳೆ ಸಾಕು. ಲಡಿಯನ್ನು ಎರಡು ಮೊಳದ, ಅಂದರೆ ಸುಮಾರು 90 ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ. ಎಂಟು ತುಂಡು ಬಂದು ಸ್ವಲ್ಪ ಉಳಿಯುತ್ತದೆ. ಈಗ ಎಳೆ ಬಿಡಿಸಬೇಕು. ತುಂಡಿನ ತುದಿಯನ್ನು ಎಡಗೈಯ ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಬಲಗೈಯಿಂದ ಒಂದೇ ಒಂದು ಎಳೆಯನ್ನು ನೇರ ಮೇಲಕ್ಕೆ ಎಳೆಯಿರಿ. ಉಳಿದ ಐದು ಎಳೆ ಬೆರಳಿನ ಕೆಳಗೆ ಮುದ್ದೆಯಾಗುತ್ತವೆ, ಹೆದರಬೇಡಿ. ಎಳೆ ಪೂರ್ತಿ ಹೊರಬಂದ ಮೇಲೆ ಒಮ್ಮೆ ಸವರಿದರೆ ಮುದ್ದೆ ನೇರವಾಗುತ್ತದೆ. ಎರಡೆಳೆಯನ್ನು ಒಟ್ಟಿಗೆ ಎಳೆದರೆ ಮಾತ್ರ ಗಂಟು ಬೀಳುವುದು ಖಚಿತ.

ಹೀಗೆ ಬಿಡಿಸಿದ ಒಂದು ಎಳೆಯನ್ನು ಸರಿಯಾಗಿ ನಡುವೆ ಮಡಿಸಿ. ಎರಡೂ ತುದಿಯನ್ನು ಒಟ್ಟಿಗೆ ಸೂಜಿಯ ಕಣ್ಣಿಗೆ ಹಾಕಿದರೆ ಇನ್ನೊಂದು ಕೊನೆಯಲ್ಲಿ ಕುಣಿಕೆ ಉಳಿಯುತ್ತದೆ. ಮೊದಲ ಹೊಲಿಗೆ ಹಾಕಿ ಸೂಜಿ ಹಿಂದಕ್ಕೆ ಬಂದಾಗ ಆ ಕುಣಿಕೆಯೊಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಗಂಟೂ ಇಲ್ಲ, ಶುರುವಿನಲ್ಲಿ ಕತ್ತರಿಸಬೇಕಾದ ಬಾಲವೂ ಇಲ್ಲ. ಗಂಟು ಹಾಕದಿರುವುದೇ ಕಸೂತಿಯ ನಿಯಮವಾದ್ದರಿಂದ ಈ ವಿಧಾನ ಅದಕ್ಕೆ ಒಪ್ಪುತ್ತದೆ. ಮಡಿಸಿದ ಮೇಲೆ ದಾರ ಒಂದು ಮೊಳ ಆಗುತ್ತದೆ. ಅದಕ್ಕಿಂತ ಉದ್ದ ಇಟ್ಟುಕೊಂಡರೆ ಕೈ ಚಾಚುವಾಗ ಪಕ್ಕದವರಿಗೆ ತಾಗುತ್ತದೆ, ದಾರವೂ ಬಟ್ಟೆಯಲ್ಲಿ ಉಜ್ಜಿ ಜುಂಗು ಏಳುತ್ತದೆ.

ಹಳೆಯ ಮದುವೆ ಕಾರ್ಡಿನ ಅಂಚಿನಿಂದ ಒಂದು ಸೆಂ.ಮೀ. ಒಳಗೆ ಸಾಲಾಗಿ ತೂತು ಹೊಡೆದು, ಪ್ರತಿ ತೂತಿಗೆ ಒಂದು ಬಣ್ಣದ ಎಳೆಗಳನ್ನು ಕುಣಿಕೆ ಹಾಕಿ ಸಿಕ್ಕಿಸಿ. ಬಣ್ಣದ ನಂಬರನ್ನು ಪಕ್ಕದಲ್ಲೇ ಬರೆಯಿರಿ. ಬೇಕಾದಾಗ ಒಂದೊಂದೇ ಎಳೆ ಸಲೀಸಾಗಿ ಬಿಡುತ್ತದೆ. ರೇಷ್ಮೆ ದಾರ ಜಾರುತ್ತದೆ, ಅದನ್ನು ಕಾರ್ಡಿಗೆ ಕಟ್ಟದೆ ಮಡಿಸಿದ ಕಾಗದದೊಳಗೆ ಉದ್ದಕ್ಕೆ ಇಡಿ. ಬೆಂಗಳೂರಿನವರೆಗಿನ ಒಂದು ತಾಸಿನ ಹಾರಾಟಕ್ಕೆ ಎಂಟು ಎಳೆ ಧಾರಾಳ.

ಕೊನೆಯ ಬಾಲವನ್ನು ಏನು ಮಾಡುವುದು? ಹಿಂಬದಿಯಲ್ಲಿ ನಾಲ್ಕೈದು ಹೊಲಿಗೆಯ ಕೆಳಗೆ ಸೂಜಿ ತೂರಿಸಿ, ಎರಡು ಇಂಚು ಹಾಗೇ ಬಿಡಿ. ಊರು ತಲುಪಿದ ಮೇಲೆ ಎಲ್ಲ ಬಾಲಗಳನ್ನೂ ಒಟ್ಟಿಗೆ ಕತ್ತರಿಸಬಹುದು. ನಡುವೆ ಕತ್ತರಿಸಲೇಬೇಕಾದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹಲ್ಲು ಸ್ವಚ್ಛ ಮಾಡುವ ದಾರದ ಡಬ್ಬಿ ಇಟ್ಟುಕೊಳ್ಳಿ. ಅದರ ಮುಚ್ಚಳದಡಿಯ ಪುಟ್ಟ ತಗಡಿನ ಹಲ್ಲಿಗೆ ಎರಡೆಳೆ ದಾರ ತುಂಡಾಗುತ್ತದೆ.

3. ಸೂಜಿ

ಮೂರಕ್ಕಿಂತ ಹೆಚ್ಚು ಬೇಡ. ಬಿಡಿ ನೇಯ್ಗೆಯ ಮ್ಯಾಟಿ ಬಟ್ಟೆಯಾದರೆ ಮೊಂಡು ತುದಿಯ 24 ಅಥವಾ 26 ನಂಬರಿನ ಸೂಜಿ ಒಳ್ಳೆಯದು, ಎಳೆಗಳ ನಡುವೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣದಂಥ ಒತ್ತು ನೇಯ್ಗೆಗೆ ಚೂಪು ಸೂಜಿಯೇ ಬೇಕು. ಮೂರನ್ನೂ ದಪ್ಪ ಬಟ್ಟೆಯ ತುಂಡಿಗೆ ಚುಚ್ಚಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ತಗಡಿನ ಡಬ್ಬಿಯ ಒಳಗಿರುವುದು ಯಂತ್ರದಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಚೀಲ ಬಿಚ್ಚಿಸುತ್ತಾರೆ. ದಾರ ಪೋಣಿಸಲು ಬಳಸುವ, ಅಲ್ಯೂಮಿನಿಯಂ ಹಿಡಿಯ ತಂತಿ ನಾಲ್ಕು ಸಲ ಎಳೆಯುವಷ್ಟರಲ್ಲಿ ಕಿತ್ತು ಬರುತ್ತದೆ. ಅದನ್ನು ನಂಬುವುದಕ್ಕಿಂತ ಮೂರೂ ಸೂಜಿಗೆ ಮನೆಯಲ್ಲೇ ದಾರ ಪೋಣಿಸಿ.

4. ಯಾವ ಕೆಲಸ ಒಯ್ಯಬೇಕು

ಕಸೂತಿಯ ಹೊಲಿಗೆಗಳಲ್ಲಿ ಗವಂತಿ ಒಯ್ಯಿರಿ. ಗವಂತಿಯಲ್ಲಿ ಹೋಗುವ ಸುತ್ತಿನಲ್ಲಿ ಎಳೆ ಎಣಿಸಿ ಬಿಟ್ಟು ಬಿಟ್ಟು ಹೊಲಿಯುತ್ತೇವೆ, ಬರುವ ಸುತ್ತಿನಲ್ಲಿ ಆ ಖಾಲಿ ಜಾಗ ತುಂಬುತ್ತೇವೆ. ಎಣಿಕೆಯ ಸುತ್ತನ್ನು ಮನೆಯ ಬೆಳಕಿನಲ್ಲಿ ಮುಗಿಸಿ, ತುಂಬುವ ಸುತ್ತನ್ನು ವಿಮಾನಕ್ಕೆ ಉಳಿಸಿ. ಅಂಕುಡೊಂಕು ಸಾಲಿನ ಮುರ್ಗಿ ಹೊಲಿಗೆಗೂ ಇದೇ ಉಪಾಯ ನಡೆಯುತ್ತದೆ. ನೇಯ್ದಂತೆ ಕಾಣುವ ನೇಗಿ ಹೊಲಿಗೆ ಬೇಡ, ಅದರಲ್ಲಿ ಎಳೆ ತಪ್ಪಿದರೆ ಇಡೀ ಸಾಲು ಬಿಚ್ಚಬೇಕು, ಬಿಚ್ಚಲು ರಿಪ್ಪರ್ ಇರುವುದಿಲ್ಲ. ಕಪ್ಪು ಚಂದ್ರಕಾಳಿ ಸೀರೆಯನ್ನು ರಾತ್ರಿ ವಿಮಾನದಲ್ಲಿ ತೆರೆಯಲೇಬೇಡಿ, ತಲೆಯ ಮೇಲಿನ ದೀಪಕ್ಕೆ ಎಳೆ ಕಾಣುವುದಿಲ್ಲ. ಎಳೆ ಎಣಿಸಲು ಬಟ್ಟೆಯ ಮೇಲೆ ಕ್ಯಾನ್ವಾಸ್ ಹೊಂದಿಸಿ ಹಾಕಿದ ಕೆಲಸವಾದರೆ ಕ್ಯಾನ್ವಾಸಿನ ಎಳೆ ಕೀಳುವುದು ಊರಿಗೆ ಹೋದ ಮೇಲೆ.

5. ನಿಲ್ದಾಣದಲ್ಲಿ

ಕಸೂತಿಯ ಸಾಮಾನು ಒಂದೇ ಪಾರದರ್ಶಕ ಚೀಲದಲ್ಲಿ, ಕೈಚೀಲದ ಮೇಲ್ಭಾಗದಲ್ಲಿ ಇರಲಿ. ಕೇಳಿದರೆ ತೆಗೆದು ತೋರಿಸಿ, ಏನೆಂದು ಹೇಳಿ, ವಾದಕ್ಕೆ ಇಳಿಯಬೇಡಿ. ಬೇಡವೆಂದರೆ ಕೌಂಟರಿಗೆ ಹಿಂದಿರುಗಿ ಲಗೇಜಿಗೆ ಹಾಕಬಹುದೇ ಎಂದು ಕೇಳಿ. ಬಹುತೇಕ ಕಂಪನಿಗಳು ದೇಶದೊಳಗಿನ ಹಾರಾಟಕ್ಕೆ ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಯಿಂದ ಬರುವವರು ದಾರಿಯ ಸಮಯವನ್ನು ಲೆಕ್ಕಹಾಕಿ ಎರಡು ತಾಸು ಮೊದಲೇ ತಲುಪಬೇಕು. ಕಳಿಸಲು ಬಂದವರ ಕೈಗೆ ಕೊಡೋಣವೆಂದರೆ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಹೋದರೂ ಮನಸ್ಸಿಗೆ ಹತ್ತದಂಥ ಸಾದಾ ಸೂಜಿ, ಸಾದಾ ರಿಂಗನ್ನೇ ಕೈಚೀಲಕ್ಕೆ ಹಾಕಿ. ಅಜ್ಜಿಯ ಕಾಲದ ಕತ್ತರಿ ಲಗೇಜಿನಲ್ಲಿ, ಬಾಯಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಇರಲಿ.

6. ಸೀಟಿನಲ್ಲಿ

ಬಲಗೈಯವರು ಬಲಬದಿಯ ಕಿಟಕಿ (ಸಾಮಾನ್ಯವಾಗಿ ‘ಎಫ್’) ಕೇಳಿ, ಎಡಗೈಯವರು ಎಡಬದಿಯ ‘ಎ’. ಸೂಜಿಯ ಕೈ ಕಿಟಕಿಯ ಕಡೆ ಇದ್ದರೆ ಪಕ್ಕದವರಿಗೂ ಊಟದ ಗಾಡಿಗೂ ತಾಗುವುದಿಲ್ಲ. ವಿಮಾನ ಏರುವಾಗ, ಇಳಿಯುವಾಗ, ಬೆಲ್ಟ್ ದೀಪ ಹೊತ್ತಿದಾಗ ಸೂಜಿಯನ್ನು ಬಟ್ಟೆಗೆ ಎರಡು ಸಲ ಚುಚ್ಚಿ ಚೀಲದೊಳಗಿಡಿ. ದಾರವಿಲ್ಲದ ಸೂಜಿಯನ್ನು ಡಬ್ಬಿಯಿಂದ ಹೊರಗೆ ತೆಗೆಯಬೇಡಿ. ದಾರವಿದ್ದರೆ ಬಿದ್ದಾಗ ಕಣ್ಣಿಗೆ ಬೀಳುತ್ತದೆ. ಇಳಿಯುವ ಮುನ್ನ ಮೂರೂ ಇವೆಯೇ ಎಂದು ಎಣಿಸಿ. ಒಂದು ಕಡಿಮೆಯಿದ್ದರೆ ಸೀಟಿನ ಸಂದಿಗೆ ಬರಿಗೈ ಹಾಕದೆ ಮೊಬೈಲ್ ಬೆಳಕಿನಲ್ಲಿ ಹುಡುಕಿ. ಸಿಗದಿದ್ದರೆ ಸೀಟಿನ ನಂಬರ್ ಸಹಿತ ಗಗನಸಖಿಗೆ ಹೇಳಿಯೇ ಇಳಿಯಿರಿ. ಮುಂದಿನ ಹಾರಾಟದಲ್ಲಿ ಅದೇ ಸೀಟಿನಲ್ಲಿ ಕೂಸನ್ನು ಕೂರಿಸುವವರಿರಬಹುದು.