ನ್ಯಾವ್ ರಿಸೀವರನ್ನು ಡಿಜಿಟಲ್ ಡಿಸ್‌ಪ್ಲೇಗೆ ಜೋಡಿಸುವಾಗ: ಸಣ್ಣ ವಿಮಾನಗಳ ವೈರಿಂಗ್

ನ್ಯಾವ್ ರಿಸೀವರ್ ಎಂದರೆ ವಿಒಆರ್ ಥರದ, ನೆಲದ ಮೇಲಿನ ದಿಕ್ಕು ತೋರುವ ರೇಡಿಯೊ ಕೇಂದ್ರಗಳ ಸಿಗ್ನಲ್ ಹಿಡಿಯುವ ಪೆಟ್ಟಿಗೆ. ಹೊಸ ಡಿಸ್‌ಪ್ಲೇ ಕೂರಿಸಿದ ವಿಮಾನದಲ್ಲಿ ವಿಒಆರ್ ಸೂಜಿ ಬರಲಿಲ್ಲ ಎಂದರೆ ಎಲ್ಲರೂ ಮೊದಲು ತುಂಡಾದ ವೈರ್ ಹುಡುಕುತ್ತಾರೆ. ವೈರ್ ತುಂಡಾಗಿರುವುದು ಅಪರೂಪ. ಹೆಚ್ಚಾಗಿ ಸಿಗುವುದು ಮೂರು ತಪ್ಪು: ಕಳಿಸುವ ಪಿನ್ನಿಗೆ ಕಳಿಸುವ ಪಿನ್ನನ್ನೇ ಜೋಡಿಸಿರುತ್ತಾರೆ, ಡೇಟಾ ಜೋಡಿಯ ಎ ಮತ್ತು ಬಿ ವೈರ್‌ಗಳು ಅದಲುಬದಲಾಗಿರುತ್ತವೆ, ಇಲ್ಲವೇ ರಿಸೀವರ್ ಮತ್ತು ಡಿಸ್‌ಪ್ಲೇ ಎರಡು ಪೆಟ್ಟಿಗೆಗಳ ಸೆಟ್ಟಿಂಗ್ ತಾಳೆಯಾಗುವುದಿಲ್ಲ. ಮೂರನ್ನೂ ವೈರ್ ಕತ್ತರಿಸುವ ಮೊದಲೇ, ಕಾಗದದ ಮೇಲೆ ಹಿಡಿಯಬಹುದು.

ನೋಂದಣಿಯಾದ ವಿಮಾನದಲ್ಲಿ ಈ ಕೆಲಸ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ) ಒಪ್ಪಿದ ದಾಖಲೆಯಂತೆಯೇ ನಡೆಯಬೇಕು. ಕೊನೆಯ ಸಹಿ ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕೆಲಸಕ್ಕೆ ಅಧಿಕಾರವಿರುವ ಲೈಸೆನ್ಸ್ ಪಡೆದ ಎಂಜಿನಿಯರದ್ದು. ಪಿನ್ ನಂಬರನ್ನು ನೆನಪಿನಿಂದ ಬರೆಯಬೇಡಿ. ಆ ಮಾಡೆಲ್ಲಿನ ಇನ್‌ಸ್ಟಲೇಶನ್ ಮ್ಯಾನ್ಯುಯಲ್ ಎದುರಿಗೇ ಇರಲಿ.

ರಿಸೀವರ್ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗಾರ್ಮಿನ್ ಎಸ್‌ಎಲ್30 ಥರದವು ಆರ್‌ಎಸ್-232 ಸೀರಿಯಲ್‌ನಲ್ಲಿ, 9600 ಬಾಡ್ ವೇಗದಲ್ಲಿ ಮಾತಾಡುತ್ತವೆ. ಹೊಸ ಕಾಲದ ಹಲವು ರಿಸೀವರ್‌ಗಳಲ್ಲಿ ಆರಿಂಕ್ 429 ಎಂಬ, ವಿಮಾನಗಳಿಗೆಂದೇ ಇರುವ ಡೇಟಾ ಪದ್ಧತಿ ಇರುತ್ತದೆ. ಇನ್ನೂ ಹಳೆಯವು ಕಾಂಪೊಸಿಟ್ ಸಿಗ್ನಲ್ (ಇನ್ನೂ ಬಿಡಿಸದ ಕಚ್ಚಾ ಸಿಗ್ನಲ್) ಅಥವಾ 150 ಮಿಲಿವೋಲ್ಟಿಗೆ ಪೂರ್ತಿ ವಾಲುವ ಅನಲಾಗ್ ಸೂಜಿಯ ಸಿಗ್ನಲ್ ಮಾತ್ರ ಕೊಡುತ್ತವೆ. ಅಂಥದ್ದನ್ನು ಡಿಸ್‌ಪ್ಲೇಯ ಡೇಟಾ ಪೋರ್ಟಿಗೆ ನೇರವಾಗಿ ಕೊಡುವಂತಿಲ್ಲ, ನಡುವೆ ಕನ್ವರ್ಟರ್ ಬೇಕೇ ಬೇಕು.

ಆರ್‌ಎಸ್-232ರಲ್ಲಿ ಮೂರೇ ವೈರ್. ಇದರ ಟಿಎಕ್ಸ್ (ಕಳಿಸುವ ಪಿನ್) ಅದರ ಆರ್‌ಎಕ್ಸಿಗೆ (ಕೇಳುವ ಪಿನ್), ಅದರ ಟಿಎಕ್ಸ್ ಇದರ ಆರ್‌ಎಕ್ಸಿಗೆ, ಜೊತೆಗೆ ಗ್ರೌಂಡ್. ಗ್ರೌಂಡನ್ನು ವಿಮಾನದ ಬಾಡಿಗೆ ಬಿಟ್ಟು ಸುಮ್ಮನಾಗುವವರಿದ್ದಾರೆ. ಹಾಗೆ ಮಾಡಿದರೆ ಸೂಜಿ ಆಗಾಗ ಬಂದು ಹೋಗುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ.

ಆರಿಂಕ್ 429ರ ಕಥೆ ಬೇರೆ. ಒಂದು ಜೋಡಿ ವೈರಿನಲ್ಲಿ ಒಬ್ಬನೇ ಹೇಳುವವನು, ಕೇಳುವವರು 20 ಮಂದಿಯವರೆಗೂ ಇರಬಹುದು. ರಿಸೀವರ್ ಡಿಸ್‌ಪ್ಲೇಗೆ ಹೇಳಲು ಒಂದು ಜೋಡಿ ಬೇಕು. ಡಿಸ್‌ಪ್ಲೇಯಲ್ಲಿ ತಿರುಗಿಸಿದ ಕೋರ್ಸ್ ರಿಸೀವರಿಗೆ ಮುಟ್ಟಬೇಕಾದರೆ ಇನ್ನೊಂದು ಜೋಡಿ. ಎರಡು ರಿಸೀವರ್‌ಗಳ ಔಟ್‌ಪುಟ್ಟನ್ನು ಒಂದೇ ಜೋಡಿಗೆ ಸೇರಿಸಿದರೆ ಇಬ್ಬರ ಮಾತೂ ಕೆಡುತ್ತದೆ. ವೇಗ ಎರಡು ಬಗೆ: ಹೆಚ್ಚಿನದು ಸೆಕೆಂಡಿಗೆ 100 ಕಿಲೋಬಿಟ್, ಕಡಿಮೆಯದು ಸುಮಾರು 12.5. ಎರಡೂ ಕಡೆ ಒಂದೇ ವೇಗ ಇಟ್ಟಿರಬೇಕು. ಅನುಮಾನ ಬಂದರೆ ಆಸಿಲೋಸ್ಕೋಪ್ ಹಿಡಿದು ನೋಡಿ. ಒಂದು ಬಿಟ್ಟಿನ ಅಗಲ 10 ಮೈಕ್ರೊಸೆಕೆಂಡ್ ಇದ್ದರೆ ಅದು ಹೆಚ್ಚಿನ ವೇಗ, 80ರ ಆಸುಪಾಸಿದ್ದರೆ ಕಡಿಮೆಯದು.

ಈ ಜೋಡಿ ವೈರಿಗೆ ಬಸ್ ಎನ್ನುತ್ತಾರೆ. ಅದರಲ್ಲಿ ಹೋಗುವ ಪ್ರತಿ ಮಾಹಿತಿಗೂ ಲೇಬಲ್ ಇರುತ್ತದೆ. 222 ವಿಒಆರ್ ಬೇರಿಂಗ್, 173 ಲೋಕಲೈಜರ್ (ರನ್‌ವೇಯ ನಡುಗೆರೆಯಿಂದ ಎಡಬಲಕ್ಕೆ ಎಷ್ಟು ಸರಿದಿದೆ), 174 ಗ್ಲೈಡ್‌ಸ್ಲೋಪ್ (ಇಳಿಯುವ ದಾರಿಯಿಂದ ಮೇಲೆ ಕೆಳಗೆ ಎಷ್ಟು), 034 ಫ್ರೀಕ್ವೆನ್ಸಿ, 100 ಆರಿಸಿದ ಕೋರ್ಸ್. ಬಸ್ ರೀಡರ್ ಸಿಕ್ಕರೆ ಇವು ಬರುತ್ತಿವೆಯೇ ಎಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎಲ್ಲ ಲೇಬಲ್ ಬರುತ್ತಿದ್ದೂ ಡಿಸ್‌ಪ್ಲೇ ಖಾಲಿಯಿದ್ದರೆ ಎಸ್‌ಡಿಐ, ಅಂದರೆ ಮಾಹಿತಿ ಎಷ್ಟನೇ ಪೆಟ್ಟಿಗೆಯದು ಎಂದು ಹೇಳುವ ಬಿಟ್‌ಗಳನ್ನು ನೋಡಿ: ರಿಸೀವರ್ ತಾನು ನ್ಯಾವ್ 2 ಎನ್ನುತ್ತಿರುತ್ತದೆ, ಡಿಸ್‌ಪ್ಲೇ ನ್ಯಾವ್ 1ಕ್ಕೆ ಕಾಯುತ್ತಿರುತ್ತದೆ.

ವೈರ್ ವಿಚಾರದಲ್ಲಿ ರಾಜಿ ಬೇಡ. ಮೈಸೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪಿವಿಸಿ ವೈರ್ ಮನೆಗೆ ಸರಿ. ವಿಮಾನದೊಳಗೆ ಅದು ಸುಟ್ಟರೆ ಬರುವ ಹೊಗೆ ವಿಷ. ಎಂ22759/16 ಟೆಫ್‌ಜೆಲ್, 22 ಗೇಜ್ ಬಳಸಿ. ಡೇಟಾ ಜೋಡಿಗೆ ಹೆಣೆದ ಶೀಲ್ಡ್ ಇರುವ ಎಂ27500 ಇರಲಿ. ಆಂಟೆನಾಗೆ ಆರ್‌ಜಿ-400. ಅದರ ದಪ್ಪ ಸುಮಾರು 5 ಮಿ.ಮೀ., ತಿರುವಿನ ತ್ರಿಜ್ಯ 50 ಮಿ.ಮೀ.ಗಿಂತ ಕಿರಿದಾಗದಿರಲಿ.

ಕ್ರಿಂಪಿಂಗ್ ಹೀಗೆ. ಪಿನ್ನಿಗೆ ತಕ್ಕ ಪೊಸಿಷನರ್ (ಪಿನ್ನನ್ನು ಸರಿಯಾದ ಜಾಗದಲ್ಲಿ ಹಿಡಿಯುವ ತುಂಡು) ಹಾಕಿದ ಎಂ22520/2-01 ಟೂಲ್ ತೆಗೆದುಕೊಳ್ಳಿ. ಸಿಪ್ಪೆ ಸುಲಿದಾಗ ಒಂದು ಎಳೆಯೂ ಕಡಿದಿರಬಾರದು. ಕಡಿದಿದ್ದರೆ ತುದಿ ಕತ್ತರಿಸಿ ಮತ್ತೆ ಸುಲಿಯಿರಿ. ಪಿನ್ನಿನ ಪಕ್ಕದ ಸಣ್ಣ ತೂತಿನಲ್ಲಿ ತಾಮ್ರದ ಎಳೆಗಳು ಮಿಣುಕಬೇಕು. ಸಿಪ್ಪೆಗೂ ಪಿನ್ನಿನ ಬಾಯಿಗೂ ನಡುವೆ ಒಂದು ಮಿಲಿಮೀಟರಿಗೂ ಕಡಿಮೆ ಸಂದು. ಕ್ರಿಂಪ್ ಆದಮೇಲೆ ಎಳೆದು ನೋಡಿ. ಕನೆಕ್ಟರಿಗೆ ತಳ್ಳಿದಾಗ ಕ್ಲಿಕ್ ಅನ್ನಬೇಕು, ಮತ್ತೆ ಎಳೆದರೆ ಹಿಂದೆ ಬರಬಾರದು. ಹಿಂದೆ ಸರಿದ ಪಿನ್ ಕನೆಕ್ಟರ್ ಹಾಕುವಾಗ ಒಳಗೇ ಜಾರಿಬಿಡುತ್ತದೆ, ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಶೀಲ್ಡನ್ನು ಕನೆಕ್ಟರಿನ ಬ್ಯಾಕ್‌ಶೆಲ್ಲಿಗೆ (ಹಿಂಬದಿಯ ಲೋಹದ ಕವಚ) ಚಿಕ್ಕ ವೈರಿನಿಂದ ಕಟ್ಟಿ, ಮೂರು ಇಂಚು ದಾಟದಿರಲಿ. ಆರಿಂಕ್ ಜೋಡಿಗೆ ಸಾಮಾನ್ಯವಾಗಿ ಎರಡೂ ತುದಿಯಲ್ಲಿ ಗ್ರೌಂಡ್, ಆಡಿಯೊಗೆ ಒಂದೇ ತುದಿಯಲ್ಲಿ. ಆಡಿಯೊ ಶೀಲ್ಡನ್ನು ಎರಡೂ ಕಡೆ ಕಟ್ಟಿದರೆ ಹೆಡ್‌ಸೆಟ್ಟಿನಲ್ಲಿ ಆಲ್ಟರ್ನೇಟರಿನ ಕೊರೆತ ಕೇಳತೊಡಗುತ್ತದೆ.

ಪವರ್ ಕೊಡುವ ಮುಂಚೆ ಪೆಟ್ಟಿಗೆಗಳನ್ನು ರ‍್ಯಾಕಿನಿಂದ ಹೊರಗೆಳೆದಿಟ್ಟು ಮಲ್ಟಿಮೀಟರಿನಲ್ಲಿ ಪ್ರತಿ ವೈರನ್ನೂ ತುದಿಯಿಂದ ತುದಿಗೆ ನೋಡಿ. ಆಮೇಲೆ ಪೆಟ್ಟಿಗೆಗಳು ಹೊರಗಿರುವಾಗಲೇ ಪವರ್ ಹಾಕಿ, ಪವರ್ ಪಿನ್ ಬಿಟ್ಟು ಬೇರೆಲ್ಲೂ 14 ಅಥವಾ 28 ವೋಲ್ಟ್ ಬರುತ್ತಿಲ್ಲ ಎಂದು ಖಚಿತವಾದ ಮೇಲೆಯೇ ಪೆಟ್ಟಿಗೆ ಕೂರಿಸಿ.

ಇನ್ನು ಪರೀಕ್ಷೆ. ಮೈಸೂರು ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಲ್ಲಿ ನೆಲದ ಮೇಲೆ ನಿಂತು ಬೆಂಗಳೂರಿನ ವಿಒಆರ್ ಟ್ಯೂನ್ ಮಾಡಿ, ಸಿಗಲಿಲ್ಲವೆಂದು ಪ್ಯಾನೆಲ್ ಬಿಚ್ಚಬೇಡಿ. ವಿಎಚ್‌ಎಫ್ ನೇರ ದಾರಿಯ ಅಲೆ. ಅಷ್ಟು ದೂರ ನೆಲಮಟ್ಟದಲ್ಲಿ ಬರುವುದಿಲ್ಲ. ವಿಮಾನದ ಪಕ್ಕದಲ್ಲೇ ಕೃತಕ ಸಿಗ್ನಲ್ ಕಳಿಸುವ ರ‍್ಯಾಂಪ್ ಟೆಸ್ಟರ್ ಇಟ್ಟುಕೊಳ್ಳಿ. ಅದರಲ್ಲಿ 090 ರೇಡಿಯಲ್ (ಕೇಂದ್ರದಿಂದ 90 ಡಿಗ್ರಿ ದಿಕ್ಕಿಗೆ ಹೊರಡುವ ಗೆರೆ) ಕೊಟ್ಟರೆ ಕೋರ್ಸ್ 090ರಲ್ಲಿ ಸೂಜಿ ನಡುವೆ ನಿಂತು ಫ್ರಮ್ (ಕೇಂದ್ರದಿಂದ ದೂರಕ್ಕೆ) ತೋರಿಸಬೇಕು, 270ರಲ್ಲಿ ಟು (ಕೇಂದ್ರದ ಕಡೆಗೆ). ಕೋರ್ಸನ್ನು 10 ಡಿಗ್ರಿ ಸರಿಸಿದರೆ ಸೂಜಿ ಪೂರ್ತಿ ಒಂದು ಬದಿಗೆ ಹೋಗಬೇಕು. ರನ್‌ವೇಗೆ ಇಳಿಯುವ ದಾರಿ ತೋರುವ ಐಎಲ್‌ಎಸ್‌ಗೆ ಬನ್ನಿ: ಅದರ ಸಿಗ್ನಲ್‌ನಲ್ಲಿ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳಿರುತ್ತವೆ. 90 ಹರ್ಟ್ಸ್ ಹೆಚ್ಚಿಸಿದರೆ ಲೋಕಲೈಜರ್ ಸೂಜಿ ಬಲಕ್ಕೆ, ಗ್ಲೈಡ್‌ಸ್ಲೋಪ್ ಸೂಜಿ ಕೆಳಕ್ಕೆ, 150 ಹೆಚ್ಚಿಸಿದರೆ ತದ್ವಿರುದ್ಧ. ಅನಲಾಗ್ ಕನ್ವರ್ಟರ್ ಇದ್ದಲ್ಲಿ ಪ್ಲಸ್ ಮೈನಸ್ ತಿರುಗುಮುರುಗಾಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಕಾಶದಲ್ಲಿ ಸಿಕ್ಕಿಬಿದ್ದರೆ ಪೈಲಟ್ ರನ್‌ವೇಯಿಂದ ದೂರ ತಿರುಗುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಲ್ಯಾಗ್ (ಸೂಜಿಯನ್ನು ನಂಬಬೇಡಿ ಎನ್ನುವ ಗುರುತು) ಪರೀಕ್ಷೆ. ಟೆಸ್ಟರ್ ಆಫ್ ಮಾಡಿ. ಸೂಜಿ ಮಾಯವಾಗಬೇಕು ಇಲ್ಲವೇ ಫ್ಲ್ಯಾಗ್ ಬರಬೇಕು. ಬಳಿಕ ಟೆಸ್ಟರ್ ಮತ್ತೆ ಆನ್ ಮಾಡಿ, ಡೇಟಾ ಕನೆಕ್ಟರ್ ಎಳೆದು ನೋಡಿ. ಆಗಲೂ ಹಾಗೆಯೇ ಆಗಬೇಕು. ಸಿಗ್ನಲ್ ಇಲ್ಲದೆ ಸೂಜಿ ನಡುವೆ ಸುಮ್ಮನೆ ನಿಂತಿದ್ದರೆ, ಮೋಡದೊಳಗಿರುವ ಪೈಲಟ್ ಎಲ್ಲ ಸರಿಯಿದೆ ಎಂದು ನಂಬಿಬಿಡುತ್ತಾನೆ. ಆ ವಿಮಾನವನ್ನು ಹ್ಯಾಂಗರಿನಿಂದ ಹೊರಗೆ ಬಿಡಬೇಡಿ.

ಕೊನೆಗೆ ಟವರಿಗೆ ತಿಳಿಸಿ, ಟೆಸ್ಟರ್ ಸಿಗ್ನಲ್ ಬರುತ್ತಿರುವಾಗಲೇ ಕಾಮ್ (ಮಾತಾಡುವ) ರೇಡಿಯೊದಲ್ಲಿ ಪ್ರಸಾರ ಮಾಡಿ. ಸೂಜಿ ಹಾರಿದರೆ ಬ್ಯಾಕ್‌ಶೆಲ್ಲಿನ ಶೀಲ್ಡನ್ನೂ ಆಂಟೆನಾದ ಬಿಎನ್‌ಸಿ ತುದಿಯನ್ನೂ ಮತ್ತೆ ನೋಡಿ. ಸ್ಟ್ರೋಬ್, ಎಲ್‌ಇಡಿ ದೀಪ, ಯುಎಸ್‌ಬಿ ಚಾರ್ಜರ್ ಒಂದೊಂದನ್ನೇ ಹಾಕಿ ಇದೇ ಪರೀಕ್ಷೆ ಮಾಡಿ. ಪ್ಯಾನೆಲ್ ಮುಚ್ಚಿದ ಮೇಲೆ ಕಂಪಾಸ್ ಸ್ವಿಂಗ್ (ವಿಮಾನ ತಿರುಗಿಸಿ ದಿಕ್ಸೂಚಿಯ ತಪ್ಪು ಅಳೆಯುವುದು) ಮಾಡಿಸಿ, ತೂಕದ ಲೆಕ್ಕ ತಿದ್ದಿ, ಎರಡೂ ಪೆಟ್ಟಿಗೆಗಳ ಸೆಟ್ಟಿಂಗ್ ಪುಟದ ಫೋಟೊ ತೆಗೆದು ವೈರಿಂಗ್ ಚಿತ್ರದ ಜೊತೆ ವಿಮಾನದ ದಾಖಲೆಗೆ ಸೇರಿಸಿ.